ಕತ್ತರಿ ನನ್ನ ಕೈಲಿದೆ ಮೇಷ್ಟ್ರೇ, ಒಪ್ಪಿದೆ

"ಸಂಪಾದಕರೇ, ಸೈನ್ಯದಲ್ಲಿದ್ದ ನನ್ನ ತಮ್ಮನ ಅನುಭವಗಳನ್ನು ಬರೆದು ಕಳಿಸಿದೆ. ಏಳು ತಿಂಗಳು ಸದ್ದಿಲ್ಲ. ಆಮೇಲೆ ಅರ್ಧ ಕತ್ತರಿಸಿ 'ಇಷ್ಟಾದರೆ ಹಾಕಬಹುದು' ಅಂತ ವಾಪಸ್ ಕಳಿಸಿದಿರಿ. ಅಮೆರಿಕದಲ್ಲಿ ಯುದ್ಧ ನಡೆಯುತ್ತಿರುವಾಗಲೇ ಒಂದು ಪತ್ರಿಕೆ, ಹಿರೋಷಿಮಾ ಬಗ್ಗೆ ಒಬ್ಬನೇ ಬರೆದ ಲೇಖನಕ್ಕೆ ಇಡೀ ಸಂಚಿಕೆ ಬಿಟ್ಟುಕೊಟ್ಟಿತಂತೆ. ಅವರ ಧೈರ್ಯ ನಿಮಗಿಲ್ಲ. ಇನ್ನೊಂದು ಮಾತು. ಯುದ್ಧದ ಸುದ್ದಿ ದಿನಾ ಬರುತ್ತಿರುವ ಈ ಕಾಲದಲ್ಲಿ ಕಥೆಗಳಿಗೆ, ಅಡುಗೆಗೆ ಯಾಕೆ ಪುಟ ದಂಡ ಮಾಡುತ್ತೀರಿ? ನಿಜ ಬರೆಯುವವರಿಗೆ ಆ ಜಾಗ ಕೊಡಿ."
ದಾವಣಗೆರೆಯ ಒಬ್ಬ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಮಸ್ಕಾರ.

ಮೊದಲು ಏಳು ತಿಂಗಳ ಲೆಕ್ಕ ತೀರಿಸಿಬಿಡುತ್ತೇನೆ. ತಪ್ಪು ನನ್ನದೇ. ನಿಮ್ಮ ಲಕೋಟೆ ನನ್ನ ಮೇಜಿನ ಮೇಲೆ "ನಿಧಾನವಾಗಿ ಓದಬೇಕು" ಅಂತ ಎತ್ತಿಟ್ಟ ರಾಶಿಯಲ್ಲಿತ್ತು. ಆ ರಾಶಿಗೆ ಸೇರಿದ್ದು ಯಾವುದೂ ಬೇಗ ಹೊರಗೆ ಬರುವುದಿಲ್ಲ. ಕ್ಷಮಿಸಿ. ಆದರೆ ಅಮೆರಿಕದವರನ್ನು ತೋರಿಸಿ ಬೈದಿದ್ದೀರಲ್ಲ, ಅಲ್ಲಿ ಮಾತ್ರ ನಾನು ಸುಮ್ನೆ ಕೂರಲಾರೆ. ಆ ಹಳೇ ಪತ್ರಿಕೆಗಳ ಹುಚ್ಚು ನನಗೆ ಸ್ವಲ್ಪ ಜಾಸ್ತಿಯೇ ಇದೆ, ಮತ್ತೆ ನೀವು ಅಂದುಕೊಂಡಷ್ಟು ನೆಟ್ಟಗೆ ಅಲ್ಲಿ ಏನೂ ನಡೆದಿಲ್ಲ.

ನೀವು ಹೇಳಿದ ಸಂಚಿಕೆ ದಿ ನ್ಯೂಯಾರ್ಕರ್ ವಾರಪತ್ರಿಕೆಯದು. ಬರೆದವನು ಜಾನ್ ಹರ್ಸಿ. ತಾರೀಖು 1946 ಆಗಸ್ಟ್ 31. ಬಾಂಬ್ ಬಿದ್ದದ್ದು 1945 ಆಗಸ್ಟ್ 6ರಂದು. ಅಂದರೆ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಆ ಒಂದು ವರ್ಷ ಜಪಾನ್ ಅಮೆರಿಕದ ಸೈನ್ಯದ ಹಿಡಿತದಲ್ಲಿತ್ತು, ಅಲ್ಲಿಂದ ಯಾವ ಸುದ್ದಿ ಹೊರಗೆ ಹೋಗಬೇಕು ಅನ್ನುವುದರ ಮೇಲೂ ಅವರದೇ ಕಣ್ಣು. ಅಮೆರಿಕದ ಓದುಗರು ಅಣಬೆ ಮೋಡ ನೋಡಿದ್ದರು, ನೆಲಸಮವಾದ ಊರು ನೋಡಿದ್ದರು. ಅದರ ಕೆಳಗಿದ್ದ ಮನುಷ್ಯರು ಅವರಿಗೆ ಅಷ್ಟಾಗಿ ಕಂಡಿರಲಿಲ್ಲ. ಇನ್ನೊಂದು ವಿಷಯ, ನಿಮಗೆ ಬೇಸರವಾಗಬಹುದು. ಅಚ್ಚಿಗೆ ಹೋಗುವ ಮೊದಲು ಹರ್ಸಿಯ ಬರಹ ಜನರಲ್ ಲೆಸ್ಲಿ ಗ್ರೋವ್ಸ್ ಕೈಗೆ ಹೋಗಿತ್ತು. ಬಾಂಬ್ ತಯಾರಿಸಿದ ಯೋಜನೆಯನ್ನು ನಡೆಸಿದ ಅದೇ ಅಧಿಕಾರಿ! ಸಣ್ಣಪುಟ್ಟ ತಿದ್ದುಪಡಿ ಹೇಳಿ ಒಪ್ಪಿಗೆ ಕೊಟ್ಟರು.

ಇದರಿಂದ ಆ ಕೆಲಸ ಚಿಕ್ಕದಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಹೇಗೆ ಆಯಿತು ಅಂತ ನೋಡಿ. ಮೊದಲಿದ್ದ ಯೋಚನೆ ನಾಲ್ಕು ಕಂತು, ನಾಲ್ಕು ವಾರ. ಸುಮಾರು 31,000 ಪದಗಳ ಬರಹ, ಬೇರೆ ಹೇಗೆ ಹಾಕುತ್ತಾರೆ? ಇಡೀ ಸಂಚಿಕೆಯಲ್ಲಿ ಇದೊಂದನ್ನೇ ಹಾಕೋಣ ಅಂದವನು ವಿಲಿಯಂ ಶಾನ್, ಎರಡನೇ ಸ್ಥಾನದಲ್ಲಿದ್ದ ಸಂಪಾದಕ. ಮುಖ್ಯ ಸಂಪಾದಕ ಹೆರಾಲ್ಡ್ ರಾಸ್ ಒಪ್ಪಲು ಕೆಲವು ದಿನ ತೆಗೆದುಕೊಂಡ. ಅದು ನಗೆಚಿತ್ರಕ್ಕೆ, ಊರ ಹರಟೆಗೆ ಹೆಸರಾದ ಪತ್ರಿಕೆ, ಓದುಗರು ಏನಂದುಕೊಂಡಾರು? ಒಪ್ಪಿದ ಮೇಲೆ ಇಬ್ಬರೂ ಬಾಗಿಲು ಹಾಕಿಕೊಂಡು ಕೂತರು. ಕಚೇರಿಯ ಉಳಿದವರಿಗೆ ಗುಟ್ಟು ಗೊತ್ತಾಗದಿರಲಿ ಅಂತ, ಮಾಮೂಲಿ ಸಂಚಿಕೆಯೇ ತಯಾರಾಗುತ್ತಿದೆ ಅನ್ನುವ ನಾಟಕ ಬೇರೆ.

ಆಮೇಲೆ ರಾಸ್ ಪ್ರಶ್ನೆ ಕೇಳಲು ಶುರು ಮಾಡಿದ. ಇನ್ನೂರಕ್ಕೂ ಜಾಸ್ತಿ ಪ್ರಶ್ನೆ. ಅದರಲ್ಲಿ ಒಂದು ನನಗೆ ಬಹಳ ಇಷ್ಟ. ಬಾಂಬ್ ಬಿದ್ದ ಜಾಗದ ಹತ್ತಿರದ ಸೈಕಲ್‌ಗಳು ಒಂದು ಕಡೆಗೆ ವಾಲಿ ಸೊಟ್ಟಗಾಗಿದ್ದವು ಅನ್ನುವ ಅರ್ಥದ ಪದ ಹರ್ಸಿ ಬಳಸಿದ್ದ. ಸೈಕಲ್ ಅನ್ನುವುದೇ ಚಪ್ಪಟೆ ವಸ್ತು, ಅದಕ್ಕೆ ಆ ಪದ ಹೇಗೆ ಹೊಂದುತ್ತದೆ ಅಂತ ರಾಸ್ ಕೇಳಿದ. ಪದ ಬದಲಾಯಿತು, ಸೈಕಲ್‌ಗಳು ಮುದುಡಿಕೊಂಡವು. ಒಂದು ಊರೇ ಸುಟ್ಟುಹೋಗಿದೆ, ಈ ಮನುಷ್ಯ ಸೈಕಲ್ ಯಾವ ಆಕಾರದಲ್ಲಿತ್ತು ಅಂತ ಕೇಳುತ್ತಾನೆ. ತಲೆಹರಟೆ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲ ಸಲ ಓದಿದಾಗ ಹಾಗೇ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಸೈಕಲ್ ವಿಷಯದಲ್ಲಿ ಅನುಮಾನ ಬಂದ ಓದುಗ ಸತ್ತವರ ವಿಷಯದಲ್ಲೂ ಅನುಮಾನ ಪಡುತ್ತಾನೆ.

ಸಂಚಿಕೆ ಹೊರಬಂದಾಗ ಮುಖಪುಟದಲ್ಲಿ ಬೇಸಿಗೆಯ ಪಾರ್ಕು, ಆಟ ಆಡುವವರು, ಬಿಸಿಲು ಕಾಯಿಸುವವರು. ಮೊದಲೇ ತಯಾರಾಗಿದ್ದ ಚಿತ್ರ, ಹಾಗೇ ಬಿಟ್ಟರು. ಅಂಗಡಿಗೆ ಹೋದ ಪ್ರತಿಗಳಿಗೆ ಒಳಗೇನಿದೆ ಅಂತ ಎಚ್ಚರಿಸುವ ಬಿಳಿ ಕಾಗದದ ಪಟ್ಟಿ ಸುತ್ತಿದರು. ಬೆಲೆ 15 ಸೆಂಟ್. ಪ್ರತಿಗಳು ಬೇಗ ಖಾಲಿಯಾದವು. ಆಲ್ಬರ್ಟ್ ಐನ್‌ಸ್ಟೈನ್ ಸಾವಿರ ಪ್ರತಿ ಕೇಳಿದರು. ಎಬಿಸಿ ರೇಡಿಯೋ ಪೂರ್ತಿ ಬರಹವನ್ನು ನಾಲ್ಕು ಸಂಜೆ ಓದಿಸಿತು. ಒಳಗೆ ಜಾಹೀರಾತುಗಳು ಇದ್ದವು, ನಾಟಕ ಸಿನಿಮಾಗಳ ಪಟ್ಟಿಯೂ ಇತ್ತು. ಅದನ್ನೂ ತೆಗೆಯಲಿಲ್ಲ. ನಮ್ಮ ಅಡುಗೆ ಪುಟವನ್ನು ಬೈಯುವಾಗ ಇದು ನೆನಪಿರಲಿ.

ಈಗ ಕಥೆಗಳ ವಿಷಯ. "ನಿಜ ಬರೆಯುವವರಿಗೆ ಜಾಗ ಕೊಡಿ" ಅಂದಿರಿ. ಹರ್ಸಿಗೆ ನಿಜ ಬರೆಯುವ ದಾರಿ ಸಿಕ್ಕಿದ್ದೇ ಒಂದು ಕಾದಂಬರಿಯಿಂದ! ಜಪಾನಿಗೆ ಹೋಗುವ ಮುಂಚೆ ಹಡಗಿನಲ್ಲಿ ಜ್ವರ ಬಂದು ಮಲಗಿದ್ದಾಗ ಥಾರ್ನ್‌ಟನ್ ವೈಲ್ಡರ್‌ನ ಒಂದು ಕಾದಂಬರಿ ಓದಿದ. ಅದರಲ್ಲಿ ಪೆರು ದೇಶದ ಒಂದು ತೂಗುಸೇತುವೆ ಮುರಿದು ಐದು ಜನ ಸಾಯುತ್ತಾರೆ. ಆ ಐದು ಜನ ಆ ಹೊತ್ತಿಗೆ ಅಲ್ಲಿಗೆ ಹೇಗೆ ಬಂದರು ಅನ್ನುವುದೇ ಕಥೆ. ಹರ್ಸಿ ಅದೇ ಕಟ್ಟನ್ನು ತೆಗೆದುಕೊಂಡ. ಆರು ಜನ, ಆರೂ ಜನ ಬದುಕಿದವರು, ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಯಾರು ಏನು ಮಾಡುತ್ತಿದ್ದರು. ಟೈಲರ್‌ನ ವಿಧವೆ ನಕಮುರ ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಯವನನ್ನು ನೋಡುತ್ತಿದ್ದಾಳೆ. ಬೆಂಕಿ ಹರಡದಂತೆ ಖಾಲಿ ದಾರಿ ಮಾಡಬೇಕು, ಅದಕ್ಕೆ ಅವನು ತನ್ನ ಮನೆಯನ್ನು ತಾನೇ ಕೆಡವುತ್ತಿದ್ದಾನೆ. ಡಾಕ್ಟರ್ ಫುಜಿ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಪೇಪರ್ ಬಿಚ್ಚುತ್ತಿದ್ದಾರೆ. ಜರ್ಮನ್ ಪಾದ್ರಿ ಒಬ್ಬರು ಸೆಕೆಗೆ ಒಳಬಟ್ಟೆಯಲ್ಲೇ ಮಲಗಿ ಒಂದು ಮ್ಯಾಗಜೀನ್ ಓದುತ್ತಿದ್ದಾರೆ. (ನಮ್ಮ ವೃತ್ತಿಯವರಿಗೆ ಈ ವಿವರ ಓದಿ ಒಂಥರಾ ಆಗುತ್ತದೆ.) ಬರಹದಲ್ಲಿ ಬೈಗುಳ ಇಲ್ಲ, ಗೋಳಾಟ ಇಲ್ಲ, "ಅಯ್ಯೋ ನೋಡಿ" ಇಲ್ಲ. ಈ ತಣ್ಣಗಿನ ದನಿ ಕಾದಂಬರಿ ಬರೆದು ಪಳಗಿದ ಕೈಗೆ ಬಂದದ್ದು ಅಂತ ನನ್ನ ನಂಬಿಕೆ. ಅದರ ಹಿಂದಿನ ವರ್ಷವಷ್ಟೇ ಅವನ ಒಂದು ಯುದ್ಧದ ಕಾದಂಬರಿಗೆ ಪುಲಿಟ್ಜರ್ ಬಹುಮಾನ ಬಂದಿತ್ತು.

ಕಾಯಿಸುವ ವಿಷಯಕ್ಕೆ ಬಂದರೆ, ಇದೇ ನ್ಯೂಯಾರ್ಕರ್ ನನಗಿಂತ ದೊಡ್ಡ ಪಾಪಿ. 1941ರಲ್ಲಿ ಜೆ. ಡಿ. ಸ್ಯಾಲಿಂಜರ್ ಅನ್ನುವ ಹುಡುಗನ ಕಥೆ ಒಪ್ಪಿಕೊಂಡರು. ಕ್ರಿಸ್‌ಮಸ್ ರಜೆಗೆ ನ್ಯೂಯಾರ್ಕಿಗೆ ಬಂದ, ಎಲ್ಲದರ ಮೇಲೂ ಬೇಸರಪಟ್ಟುಕೊಂಡ ಒಬ್ಬ ಸ್ಕೂಲ್ ಹುಡುಗನ ಕಥೆ ಅದು. ಹೋಲ್ಡನ್ ಕಾಲ್‌ಫೀಲ್ಡ್ ಅಂತ ಅವನ ಹೆಸರು, ಮುಂದೆ 'ದಿ ಕ್ಯಾಚರ್ ಇನ್ ದಿ ರೈ' ಕಾದಂಬರಿಯಿಂದ ಜಗತ್ತಿಗೇ ಗೊತ್ತಾದ. ಡಿಸೆಂಬರ್ 7ಕ್ಕೆ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿತ್ತು. ದೇಶ ಯುದ್ಧಕ್ಕೆ ಹೊರಟಾಗ ಈ ಹುಡುಗನ ಗೊಣಗಾಟ ಯಾರಿಗೆ ಬೇಕು ಅಂತ ಕಥೆಯನ್ನು ಪಕ್ಕಕ್ಕಿಟ್ಟರು. ಅಚ್ಚಾದದ್ದು 1946 ಡಿಸೆಂಬರ್ 21ರ ಸಂಚಿಕೆಯಲ್ಲಿ. ಐದು ವರ್ಷ! ಈ ನಡುವೆ ಬರೆದವನು ಸೈನ್ಯ ಸೇರಿ, 1944 ಜೂನ್ 6ರಂದು ಫ್ರಾನ್ಸಿನ ಯೂಟಾ ತೀರದಲ್ಲಿ ಇಳಿದು, ಯುದ್ಧ ಮುಗಿಯುವ ತನಕ ಯುರೋಪಿನಲ್ಲೇ ಇದ್ದ. "ಕಥೆಗೆ ಇದು ಕಾಲವಲ್ಲ" ಅನ್ನುವ ನಿಮ್ಮ ಮಾತು ಆಗ ಅವರೂ ಅಂದಿದ್ದರು ನೋಡಿ.

ಯುದ್ಧ ನಡೆಯುತ್ತಿರುವಾಗಲೇ ಅಚ್ಚಾದ ನಿಜ ಬೇಕು ಅಂದರೆ ಲೈಫ್ ಪತ್ರಿಕೆಯ 1943 ಸೆಪ್ಟೆಂಬರ್ 20ರ ಸಂಚಿಕೆ ನೋಡಬೇಕು. ನ್ಯೂಗಿನಿಯ ಬುನಾ ಕಡಲತೀರದಲ್ಲಿ ಸತ್ತುಬಿದ್ದ ಮೂವರು ಅಮೆರಿಕದ ಸೈನಿಕರು. ಜಾರ್ಜ್ ಸ್ಟ್ರಾಕ್ ತೆಗೆದ ಫೋಟೋ. ಮುಖ ಕಾಣುವುದಿಲ್ಲ, ಮರಳು ಕಾಣುತ್ತದೆ. ಸತ್ತ ತಮ್ಮವರನ್ನು ತೋರಿಸಲು ಅಲ್ಲಿಯ ತನಕ ಸರ್ಕಾರ ಬಿಟ್ಟಿರಲಿಲ್ಲ. ಚಿತ್ರ ತಿಂಗಳುಗಟ್ಟಲೆ ಕಾದಿತ್ತು, ಪತ್ರಿಕೆಯವರು ಜಗಳವಾಡಿದರು, ಕೊನೆಗೆ ಅಧ್ಯಕ್ಷ ರೂಸ್‌ವೆಲ್ಟ್ ಹೂಂ ಅಂದ ಮೇಲೆ ಬಂತು. ಜನ ಯುದ್ಧವನ್ನು ಹಗುರವಾಗಿ ತೆಗೆದುಕೊಳ್ಳುತ್ತಿದ್ದಾರೆ ಅನ್ನುವ ಚಿಂತೆ ಸರ್ಕಾರಕ್ಕೂ ಹುಟ್ಟಿತ್ತು. ಹಾಗಾಗಿ ಅದು ಧೈರ್ಯವೂ ಹೌದು, ಅನುಮತಿಯೂ ಹೌದು. ಎರಡನ್ನೂ ಬಿಡಿಸಿ ನೋಡಲು ನನಗೆ ಬರುವುದಿಲ್ಲ.

ಸಂಪಾದಕರ ಅನ್ಯಾಯವೂ ಬೇಕಾದಷ್ಟಿದೆ. ಕೋಲಿಯರ್ಸ್ ಪತ್ರಿಕೆಗೆ ಮಾರ್ಥಾ ಗೆಲ್‌ಹಾರ್ನ್ ಸ್ಪೇನ್ ಯುದ್ಧದ ಕಾಲದಿಂದ ಬರೆಯುತ್ತಿದ್ದಳು. 1944ರಲ್ಲಿ ಅವಳ ಗಂಡ ಅರ್ನೆಸ್ಟ್ ಹೆಮಿಂಗ್ವೇ ತಾನು ಅದೇ ಪತ್ರಿಕೆಗೆ ಬರೆಯುತ್ತೇನೆ ಅಂತ ಹೋದ. ದೊಡ್ಡ ಹೆಸರು, ಯಾರು ಬೇಡ ಅಂತಾರೆ? ಅವಳ ಜಾಗ ಹೋಯಿತು. ನಾರ್ಮಂಡಿ ದಾಳಿಯ ಹೊತ್ತಿಗೆ ಅವಳು ಒಂದು ಆಸ್ಪತ್ರೆ ಹಡಗು ಹತ್ತಿ, ಒಳಗೆ ಹೋಗಿ ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು ಕೂತಳು. ಹಡಗು ಹೊರಟ ಮೇಲೆ ಹೊರಬಂದು, ಗಾಯಾಳುಗಳನ್ನು ತರುವವರ ಜೊತೆ ಒಮಾಹಾ ತೀರದಲ್ಲಿ ನೀರಿಗಿಳಿದು ದಡ ಹತ್ತಿದಳು. ಗಂಡ ದೋಣಿಯಿಂದ ದಡ ನೋಡಿ ವಾಪಸ್ ಬಂದಿದ್ದ. ಜುಲೈ 22ರ ಸಂಚಿಕೆಯಲ್ಲಿ ಮೆರೆದದ್ದು ಯಾರ ಲೇಖನ? ಅವನದು. ಅವಳದ್ದಕ್ಕೆ ಅದೇ ಸಂಚಿಕೆಯಲ್ಲಿ ಒಂದು ಮೂಲೆ. ಇದನ್ನು ಓದಿದಾಗೆಲ್ಲ ನನಗೆ ನನ್ನ ರಾಶಿಯ ನೆನಪಾಗುತ್ತದೆ.

ಇನ್ನೂ ಹಿಂದಿನದು ಒಂದು ಹೇಳಿಬಿಡುತ್ತೇನೆ, ಕತ್ತರಿಯ ಬಗ್ಗೆ ನಾನು ಕಂಡ ಅತಿ ಸೊಗಸಾದ ಜಗಳ ಅದು. ಅಮೆರಿಕದ ಅಂತರ್ಯುದ್ಧ. 1862ರಲ್ಲಿ ಕಾದಂಬರಿಕಾರ ನೆಥೇನಿಯಲ್ ಹಾಥಾರ್ನ್ ವಾಷಿಂಗ್ಟನ್ನಿಗೆ ಹೋಗಿ ಯುದ್ಧಕಾಲದ ಊರು, ಸೈನ್ಯದ ಬಿಡಾರ, ಸೈನಿಕರು ಎಲ್ಲ ನೋಡಿ ಅಟ್ಲಾಂಟಿಕ್ ಮಾಸಪತ್ರಿಕೆಗೆ ಒಂದು ಲೇಖನ ಬರೆದ. ಎಲ್ಲರೂ ಕೂಗಾಡುವಾಗ ಇವನದು ಅನುಮಾನದ ದನಿ. ಅಧ್ಯಕ್ಷ ಲಿಂಕನ್ ಹೇಗೆ ಕಾಣುತ್ತಾರೆ, ಅವರ ಹಳ್ಳಿಗಾಡಿನ ಮೈಕಟ್ಟು, ಬಾಚದ ತಲೆ, ಹಳೇ ಕೋಟು ಎಲ್ಲ ಬರೆದಿದ್ದ. ಪ್ರೀತಿಯಿಂದಲೇ ಬರೆದಿದ್ದ. ಸಂಪಾದಕ ಜೇಮ್ಸ್ ಫೀಲ್ಡ್ಸ್ ಹೆದರಿ ಆ ಭಾಗ ತೆಗೆಯಿರಿ ಅಂದ. ಹಾಥಾರ್ನ್ ತೆಗೆದ. ತೆಗೆದು ಏನು ಮಾಡಿದ ಗೊತ್ತೇ? ಲೇಖನದ ಕೆಳಗೆ ಅಲ್ಲಲ್ಲಿ ಅಡಿಟಿಪ್ಪಣಿ ಸೇರಿಸಿದ. ಸಂಪಾದಕರೇ ಬರೆದ ಹಾಗೆ, ಲೇಖಕನನ್ನು ಬೈಯುವ ಟಿಪ್ಪಣಿಗಳು! ಇಲ್ಲಿದ್ದ ವರ್ಣನೆಯಲ್ಲಿ ಮರ್ಯಾದೆ ಸಾಲದು, ತೆಗೆದಿದ್ದೇವೆ ಅನ್ನುವ ಧಾಟಿಯವು. ಬೈದವನೂ ಅವನೇ, ಬೈಸಿಕೊಂಡವನೂ ಅವನೇ. 1862 ಜುಲೈ ಸಂಚಿಕೆಯಲ್ಲಿ ಹಾಗೇ ಬಂತು, "ಒಬ್ಬ ಶಾಂತ ಮನುಷ್ಯ" ಅನ್ನುವ ಹೆಸರಿನಲ್ಲಿ. ಲಿಂಕನ್ ಭಾಗವನ್ನು ಅದೇ ಫೀಲ್ಡ್ಸ್ 1871ರಲ್ಲಿ ತಾನೇ ಅಚ್ಚು ಹಾಕಿದ. ಆಗ ಲಿಂಕನ್ನೂ ಇರಲಿಲ್ಲ, ಹಾಥಾರ್ನೂ ಇರಲಿಲ್ಲ.

ಅದೇ ಅಟ್ಲಾಂಟಿಕ್ 1863 ಡಿಸೆಂಬರಿನಲ್ಲಿ ಎಡ್ವರ್ಡ್ ಎವೆರೆಟ್ ಹೇಲ್ ಬರೆದ ಒಂದು ಕಥೆ ಹಾಕಿತು, ಲೇಖಕರ ಹೆಸರಿಲ್ಲದೆ. ದೇಶದ ಹೆಸರೇ ಕೇಳಬಾರದು ನನಗೆ ಅಂದ ಒಬ್ಬ ಅಧಿಕಾರಿ, ಅದೇ ಅವನಿಗೆ ಶಿಕ್ಷೆಯಾಗಿ ಸಾಯುವ ತನಕ ಹಡಗಿನಿಂದ ಹಡಗಿಗೆ ಅಲೆಯುತ್ತಾನೆ. ಓಹಾಯೋ ರಾಜ್ಯದ ಚುನಾವಣೆಗೆ ಮೊದಲು ಬರಲಿ ಅಂತ ಹೇಲ್ ಬರೆದದ್ದು, ಬಂದದ್ದು ಚುನಾವಣೆ ಮುಗಿದ ಮೇಲೆ. ಬಹಳ ಜನ ನಿಜ ಸಂಗತಿ ಅಂತಲೇ ನಂಬಿದರು. ಆ ಚುನಾವಣೆಯ ವರದಿಗಳನ್ನು ಇವತ್ತು ಯಾರೂ ಓದುವುದಿಲ್ಲ, ಕಥೆಯನ್ನು ಓದುತ್ತಾರೆ.

ವಿಯೆಟ್ನಾಂ ಯುದ್ಧದ ಬಗ್ಗೆ ಬರೆದರೆ ಇನ್ನೊಂದು ಸಂಚಿಕೆಯೇ ಬೇಕು. ಎಸ್ಕ್ವಾಯರ್ 1966 ಅಕ್ಟೋಬರಿನಲ್ಲಿ ಕಪ್ಪು ಮುಖಪುಟದ ಮೇಲೆ "ಅಯ್ಯೋ ದೇವರೇ, ಪುಟ್ಟ ಹುಡುಗಿಗೆ ಹೊಡೆದುಬಿಟ್ಟೆವು" ಅಂತ ಬಿಳಿ ಅಕ್ಷರದಲ್ಲಿ ಹಾಕಿತು. ಚಿತ್ರ ಇಲ್ಲ, ಅಷ್ಟೇ. ಒಳಗೆ ಜಾನ್ ಸ್ಯಾಕ್ ಒಂದು ತುಕಡಿಯನ್ನು ತರಬೇತಿಯಿಂದ ಯುದ್ಧದ ತನಕ ಹಿಂಬಾಲಿಸಿ ಬರೆದ ಲೇಖನ. ಲೈಫ್ 1969 ಜೂನ್ 27ರಂದು ಅಲ್ಲಿ ಒಂದೇ ವಾರದಲ್ಲಿ ಸತ್ತ 242 ಅಮೆರಿಕದ ಸೈನಿಕರ ಪಟ್ಟಿ ಹಿಡಿದು, ಮುಖಗಳನ್ನು ಶಾಲೆಯ ಗ್ರೂಪ್ ಫೋಟೋ ಥರ ಪುಟದ ಮೇಲೆ ಪುಟ ಜೋಡಿಸಿತು. ಇಷ್ಟು ಮಾಡಿದ ಲೈಫ್, ಅದೇ ವರ್ಷ ಪತ್ರಕರ್ತ ಸೀಮೂರ್ ಹರ್ಷ್, ವಿಯೆಟ್ನಾಂನ ಮೈ ಲೈ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಡೆಸಿದ ಕಗ್ಗೊಲೆಯ ಸುದ್ದಿ ಹಿಡಿದು ಬಂದಾಗ ಬೇಡ ಅಂದಿತು. ಲುಕ್ ಪತ್ರಿಕೆಯೂ ಬೇಡ ಅಂದಿತು. ಒಂದು ಪುಟ್ಟ ಸುದ್ದಿಸಂಸ್ಥೆಯ ಮೂಲಕ ದಿನಪತ್ರಿಕೆಗಳಲ್ಲಿ ಅದು ನವೆಂಬರಿನಲ್ಲಿ ಬಂತು. ಡಿಸೆಂಬರಿನಲ್ಲಿ ಅಲ್ಲಿನ ಹೆಣಗಳ ಫೋಟೋ ಹಾಕಿದ್ದು ಮತ್ತೆ ಅದೇ ಲೈಫ್. ಹರ್ಷ್ ನನ್ನ ಮುಂದೆ ಬಂದು ನಿಂತಿದ್ದರೆ ನಾನು ಹೂಂ ಅನ್ನುತ್ತಿದ್ದೆನೇ? ಎದೆ ಮುಟ್ಟಿಕೊಂಡು ಹೇಳಬೇಕೆಂದರೆ, "ನಿಧಾನವಾಗಿ ಓದಬೇಕು" ರಾಶಿಗೆ ಸೇರಿಸುತ್ತಿದ್ದೆ.

ಈಗ ನಿಮ್ಮ ತಮ್ಮನವರ ಬರಹ. ನಾನು ಕತ್ತರಿಸಿದ್ದು ಗಡಿ ಒಪ್ಪಂದಗಳ ಇತಿಹಾಸ ಇರುವ ಒಂಬತ್ತು ಪುಟ. ಅದು ಬೇರೆ ಕಡೆಯೂ ಸಿಗುತ್ತದೆ ಮೇಷ್ಟ್ರೇ. ಸಿಗದೇ ಇರುವುದು ಬಂಕರಿನಲ್ಲಿ ಚಪಾತಿ ಸುಡುವಾಗ ಅವರು ಅಮ್ಮನ ಪತ್ರವನ್ನು ಜೋರಾಗಿ ಓದಿದ ಭಾಗ, ಕನ್ನಡ ಬಾರದ ಪಂಜಾಬಿ ಗೆಳೆಯ ಅದನ್ನು ಕೇಳುತ್ತಾ ಕೂತ ಭಾಗ. ಅದು ನಿಮ್ಮಲ್ಲಿ ಆರೇ ಸಾಲು. ಎರಡು ಪುಟ ಮಾಡಿ. ತಮ್ಮನವರನ್ನು ಕೂರಿಸಿಕೊಂಡು ಕೇಳಿ: ಪತ್ರದಲ್ಲಿ ಏನಿತ್ತು? ಹಿಟ್ಟು ಎಲ್ಲಿ ಕಲಸುತ್ತಿದ್ದರು? ಮತ್ತೆ ಮೂರನೇ ಪುಟದಲ್ಲಿ ಅವರ ಬೂಟು ಒದ್ದೆಯಾಗಿ ಕಾಲಿಗೆ ಅಂಟಿತ್ತು ಅಂದಿದ್ದೀರಿ, ಅದೇ ರಾತ್ರಿ ನಾಲ್ಕನೇ ಪುಟದಲ್ಲಿ ಬರಿಗಾಲಲ್ಲಿ ಓಡುತ್ತಾರೆ. ಬೂಟು ಯಾವಾಗ ಬಿಚ್ಚಿದರು?

ಮುಂದಿನ ತಿಂಗಳ 10ರೊಳಗೆ ಬಂದರೆ ಆರು ಪುಟ ನಿಮಗೆ ಇಟ್ಟಿರುತ್ತೇನೆ. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ "ಬೂಟು" ಅಂತ ಬರೆಯಿರಿ, ರಾಶಿಗೆ ಸೇರದ ಹಾಗೆ ನೋಡಿಕೊಳ್ಳುತ್ತೇನೆ. ಅಡುಗೆ ಪುಟ ತೆಗೆಯುವುದಿಲ್ಲ.

ಇತಿ,
ಸಂಪಾದಕ