ಕಾರ್ಖಾನೆ ಕೆಲಸಗಾರನನ್ನು ಗುಟ್ಟಾಗಿ ಬಿಷಪ್ ಮಾಡಿದ್ದು ಯಾಕೆ?

ಹೊಸ ಪಾದ್ರಿಗಳು ಬರುವುದು ನಿಲ್ಲಬಾರದು ಅಂತ. ಕ್ಯಾಥೊಲಿಕರಲ್ಲಿ ಪಾದ್ರಿ ದೀಕ್ಷೆ ಕೊಡಲು ಬಿಷಪ್ಪೇ ಬೇಕು. ಆದರೆ ಚರ್ಚೇ ಬೇಕೆಂದಿಲ್ಲ. ತಲೆಯ ಮೇಲೆ ಕೈಯಿಟ್ಟು ದೀಕ್ಷೆಯ ಪ್ರಾರ್ಥನೆ ಹೇಳಿದರೆ ಆಯ್ತು, ಬಾಗಿಲು ಹಾಕಿದ ಕೋಣೆಯೂ ಸಾಕು.

1950ರಲ್ಲಿ ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಸರ್ಕಾರ ಮಠಗಳನ್ನು ಮುಚ್ಚಿಸಿತು, ಹಲವು ಬಿಷಪ್‌ಗಳನ್ನು ಬಂಧಿಸಿತು. ಮುಂದಿನ ವರ್ಷವೇ ಯಾನ್ ಕೊರೆಟ್ಸ್ ಎಂಬ 27ರ ಪಾದ್ರಿ ಗುಟ್ಟಾಗಿ ಬಿಷಪ್ ಆದರು. ಕಿರೀಟವಿಲ್ಲ, ನಿಲುವಂಗಿಯಿಲ್ಲ. ಹೊರಗಿನವರಿಗೆ ಅವರು ಬರೀ ಕಾರ್ಮಿಕ, ಕೆಲಕಾಲ ರಾತ್ರಿ ಕಾವಲುಗಾರ. ಬಿಷಪ್ ಅಂದರೆ ಯಾರು ನಂಬ್ತಾರೆ, ಅಲ್ವಾ?

1960ರಲ್ಲಿ ಸಿಕ್ಕಿಬಿದ್ದರು, 12 ವರ್ಷ ಶಿಕ್ಷೆಯಾಯಿತು. 1968ರಲ್ಲಿ ಬಿಡುಗಡೆಯಾದ ಮೇಲೆ ಬೀದಿ ಗುಡಿಸಿದರು. 1991ರಲ್ಲಿ ಪೋಪ್ ಅವರನ್ನು ಕಾರ್ಡಿನಲ್, ಅಂದರೆ ಪೋಪ್ ನಂತರದ ದೊಡ್ಡ ಪದವಿಯವರನ್ನಾಗಿ ಮಾಡಿದರು.