500 ಬಂತೆಂದು 777 ಒತ್ತಬೇಡಿ

ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಾದ ಲಾರಾವೆಲ್ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬೇರೆ ದಾರಿ ಇರಲಿಲ್ಲ. ಒಂದೇ ಪ್ರಶ್ನೆ ಒಮ್ಮೆ ಹಾವೇರಿಯಿಂದ, ಒಮ್ಮೆ ಕೇಶ್ವಾಪುರದಿಂದ, ಮತ್ತೊಮ್ಮೆ ಧಾರವಾಡದಿಂದ ಬರುತ್ತಲೇ ಇದೆ. ಕಂಪೋಸರ್ ಅಂದರೇನು, ರೂಟ್ ಬರೆಯುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಲಾರಾವೆಲ್‌ನ ಸ್ವಂತ ದಾಖಲೆಪುಸ್ತಕ ಪುಕ್ಕಟೆ ಸಿಗುತ್ತದೆ, ಚೆನ್ನಾಗಿಯೂ ಇದೆ. ಅದನ್ನು ಓದಿದವರಿಗಾಗಿ ಮಾತ್ರ ಈ ಉತ್ತರಗಳು.

ಪ್ರಶ್ನೆ: ಲಾರಾವೆಲ್ ಕಲೀಲ್ಯೋ, ಕೋಡ್‌ಇಗ್ನೈಟರ್ ಕಲೀಲ್ಯೋ ಸರ್? ಹುಬ್ಬಳ್ಳ್ಯಾಗ ಯಾವುದಕ್ಕ ಕೆಲಸ ಜಾಸ್ತಿ ಸಿಗ್ತದ?
— ವಿದ್ಯಾರ್ಥಿ, ವಿದ್ಯಾನಗರ

ಮೊದಲು ಪಿಎಚ್‌ಪಿ ಕಲಿ ತಮ್ಮಾ.

ಪ್ರಶ್ನೆ: ಸರ್, ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರಿಗೆ ಲಾರಾವೆಲ್‌ನ್ಯಾಗ ಸೈಟ್ ಮಾಡೇನ್ರೀ. ಲಾಟ್ ನಂಬರು, ತೂಕ, ದರ ಎಲ್ಲಾ ಹಾಕೂದು. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನ್ಯಾಗ ಜಾಂಪ್ ಮ್ಯಾಲೆ ಮಸ್ತ್ ಓಡ್ತದ. ಶೇರ್ಡ್ ಹೋಸ್ಟಿಂಗ್‌ಗೆ ಏರಿಸಿದ ಕೂಡ್ಲೆ 500 ಬರಾಕತ್ತದ. ವಿಡಿಯೊ ನೋಡಿ ಎಲ್ಲಾ ಫೋಲ್ಡರ್‌ಗೂ 777 ಕೊಟ್ಟೆ. ಇಡೀ ಪ್ರಾಜೆಕ್ಟ್ ಪಬ್ಲಿಕ್-ಎಚ್‌ಟಿಎಂಎಲ್ ಒಳಗ ಹಾಕಿದೆ. ಡೀಬಗ್ ಆನ್ ಮಾಡಿದೆ. ಸರ್ವರ್‌ನ್ಯಾಗ ಟರ್ಮಿನಲ್ ಇಲ್ರೀ, ಸಿ-ಪ್ಯಾನಲ್ ಅಷ್ಟ ಐತಿ. ಲಾಗ್‌ನ ಸ್ಕ್ರೀನ್‌ಶಾಟ್ ಕಳಿಸೇನಿ, ನೋಡಿ ಹೇಳ್ರಿ. ವ್ಯಾಪಾರಸ್ಥರು ದಿನಾ ಫೋನ್ ಮಾಡಾಕತ್ತಾರ.
— ಗೋಕುಲ ರಸ್ತೆ, ಹುಬ್ಬಳ್ಳಿ

ಸ್ಕ್ರೀನ್‌ಶಾಟ್ ನೋಡಿದೆ. ಅದರಲ್ಲಿ ಇರುವುದು ಸ್ಟ್ಯಾಕ್ ಟ್ರೇಸ್‌ನ, ಅಂದರೆ ಯಾವ ಕೋಡು ಯಾವುದನ್ನು ಕರೆಯಿತು ಎಂಬ ಪಟ್ಟಿಯ, ಕೊನೆಯ ಎಂಟು ಸಾಲು, ತುದಿಯಲ್ಲಿ ಪುಷ್ಪಾವರಣದೊಳಗೆ ಮೇನ್ ಎಂಬ ಪದ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎಲ್ಲರೂ ಕಳಿಸುವುದು ಇದನ್ನೇ, ಯಾಕೆಂದರೆ ಫೈಲ್ ತೆರೆದು ತಳಕ್ಕೆ ಹೋದರೆ ಕಣ್ಣಿಗೆ ಬೀಳುವುದು ಇದೇ. ಸ್ಟೋರೇಜ್ ಫೋಲ್ಡರಿನ ಲಾಗ್ಸ್ ಒಳಗಿರುವ ಲಾರಾವೆಲ್ ಲಾಗ್ ಫೈಲನ್ನು ತಳದಿಂದ ಮೇಲಕ್ಕೆ ಓದುತ್ತ ಬನ್ನಿ. ಸೊನ್ನೆ, ಒಂದು, ಎರಡು ಎಂದು ಸಂಖ್ಯೆ ಹಾಕಿದ ಸಾಲುಗಳು ಮುಗಿದ ಮೇಲೆ ಚೌಕ ಆವರಣದಲ್ಲಿ ತಾರೀಖು, ವೇಳೆ, ಪಕ್ಕದಲ್ಲಿ ಪ್ರೊಡಕ್ಷನ್ ಎರರ್ ಎಂದು ಇರುವ ಸಾಲು ಸಿಗುತ್ತದೆ. ಬೇಕಾದದ್ದು ಆ ಒಂದೇ ಸಾಲು. 500 ಅಂದರೆ ಒಳಗೆ ಏನೋ ಕೆಟ್ಟಿದೆ ಎಂದು ಸರ್ವರ್ ಹೇಳುತ್ತಿದೆ, ಅಷ್ಟೇ. ಏನು ಕೆಟ್ಟಿದೆ ಎಂಬುದು ಇರುವುದು ಲಾಗ್‌ನಲ್ಲಿ.

ಲಾಗ್ ಫೈಲಿನಲ್ಲಿ ಇವತ್ತಿನ ತಾರೀಖಿನದು ಏನೂ ಇಲ್ಲವೆಂದರೆ ಅದೂ ಒಂದು ಸುಳಿವೇ. ಒಂದೋ ಸ್ಟೋರೇಜ್ ಫೋಲ್ಡರಿಗೆ ಬರೆಯಲು ಆಗುತ್ತಿಲ್ಲ, ಇಲ್ಲವೇ ಲಾರಾವೆಲ್ ಎದ್ದೇಳುವ ಮೊದಲೇ ಪಿಎಚ್‌ಪಿ ಬಿದ್ದಿದೆ. ಆಗ ಸಿ-ಪ್ಯಾನಲ್‌ನ ಎರರ್ಸ್ ಪುಟ ನೋಡಬೇಕು, ಅಥವಾ ಇಂಡೆಕ್ಸ್ ಫೈಲ್ ಇರುವ ಜಾಗದಲ್ಲೇ ಹುಟ್ಟಿರುವ ಎರರ್ ಲಾಗ್ ಫೈಲು.

ಲ್ಯಾಪ್‌ಟಾಪಿನಲ್ಲಿ ಓಡಿ ಸರ್ವರಿನಲ್ಲಿ ಓಡದ ಪ್ರಾಜೆಕ್ಟುಗಳಲ್ಲಿ ನಾನು ಕಾಣುವುದು ಹೆಚ್ಚಾಗಿ ಮೂರೇ ತರದ ರೋಗ.

ಮೊದಲನೆಯದು ಪಿಎಚ್‌ಪಿ ಆವೃತ್ತಿ. ಲಾರಾವೆಲ್ 10ಕ್ಕೆ ಪಿಎಚ್‌ಪಿ 8.1 ಬೇಕು. 2024ರ ಮಾರ್ಚಿನಲ್ಲಿ ಬಂದ 11ಕ್ಕೂ 2025ರ ಫೆಬ್ರವರಿಯಲ್ಲಿ ಬಂದ 12ಕ್ಕೂ 8.2 ಬೇಕು. ಅಗ್ಗದ ಹೋಸ್ಟಿಂಗ್ ಖಾತೆಗಳಲ್ಲಿ ಇನ್ನೂ 7.4 ಕೂತಿರುತ್ತದೆ. ಆಗ ಪ್ಯಾಕೇಜುಗಳನ್ನು ತಂದುಕೊಡುವ ಕಂಪೋಸರ್‌ನ ಪ್ಲಾಟ್‌ಫಾರ್ಮ್ ತಪಾಸಣೆಯಲ್ಲೇ ಎಲ್ಲ ನಿಲ್ಲುತ್ತದೆ, ಲಾರಾವೆಲ್ ಲಾಗ್‌ಗೆ ಒಂದಕ್ಷರ ಬೀಳುವುದಿಲ್ಲ. ಸಿ-ಪ್ಯಾನಲ್‌ನ ಮಲ್ಟಿ ಪಿಎಚ್‌ಪಿ ಮ್ಯಾನೇಜರ್‌ಗೆ ಹೋಗಿ ಆ ಡೊಮೇನ್‌ಗೆ ಆವೃತ್ತಿ ಬದಲಿಸಿದರೆ ಎರಡು ನಿಮಿಷದ ಕೆಲಸ. ಇದಕ್ಕೆ ಸರ್ವರಿನಲ್ಲಿ ಕಂಪೋಸರ್ ಅಪ್‌ಡೇಟ್ ಹೊಡೆಯಿರಿ ಎಂದು ಹೇಳುವ ಪಂಡಿತರಿದ್ದಾರೆ. ಅವರ ಮಾತು ಕೇಳಬೇಡಿ. ಸರ್ವರಿನಲ್ಲಿ ಏನಿದ್ದರೂ ಇನ್‌ಸ್ಟಾಲ್ ಮಾತ್ರ. ಅದು ಲಾಕ್ ಫೈಲಿನಲ್ಲಿ ಇರುವ ಆವೃತ್ತಿಗಳನ್ನೇ ತರುತ್ತದೆ. ಅಪ್‌ಡೇಟ್ ಮಾಡಿದರೆ ನೀವು ಒಮ್ಮೆಯೂ ಓಡಿಸಿ ನೋಡದ ಪ್ಯಾಕೇಜುಗಳು ಗಿರಾಕಿಯ ಸೈಟಿಗೆ ಬಂದು ಕೂರುತ್ತವೆ.

ಎರಡನೆಯದು ವಿಂಡೋಸಿನ ಉದಾರತನ. ಫೈಲಿನ ಹೆಸರು ಚಿಕ್ಕ ಎಲ್‌ನಿಂದ ಶುರುವಾಗಿ ಒಳಗಿನ ಕ್ಲಾಸ್ ಹೆಸರು ದೊಡ್ಡ ಎಲ್‌ನಿಂದ ಇದ್ದರೂ ಅದು ಸುಮ್ಮನೆ ಹುಡುಕಿ ಕೊಡುತ್ತದೆ. ಲಿನಕ್ಸ್ ಕೊಡುವುದಿಲ್ಲ. ‘ಟಾರ್ಗೆಟ್ ಕ್ಲಾಸ್ ಡಸ್ ನಾಟ್ ಎಕ್ಸಿಸ್ಟ್’ ಅಥವಾ ‘ವ್ಯೂ ನಾಟ್ ಫೌಂಡ್’ ಎಂದು ಬಂದು, ಫೈಲ್ ಮಾತ್ರ ಕಣ್ಣೆದುರೇ ಇದೆ ಎಂದಾದರೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಲ್ಯಾಪ್‌ಟಾಪಿನಲ್ಲಿ ಹೆಸರು ಬದಲಿಸಿದರೂ ಗಿಟ್‌ಗೆ ಆ ಬದಲಾವಣೆ ಕಾಣದೇ ಹೋಗಬಹುದು. ಗಿಟ್‌ನ ಎಂವಿ ಆಜ್ಞೆಯಿಂದಲೇ ಬದಲಿಸಿ.

ಮೂರನೆಯದು ನಿಮ್ಮದು ಎಂದು ನನ್ನ ಅನುಮಾನ. ಲ್ಯಾಪ್‌ಟಾಪಿನಲ್ಲಿ ಯಾವಾಗಲೋ, ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಫೈಲಿಗೆ ಕಟ್ಟಿಡುವ ಕಾನ್ಫಿಗ್ ಕ್ಯಾಶ್ ಆಜ್ಞೆ ಹೊಡೆದಿದ್ದೀರಿ. ಅದು ಬೂಟ್‌ಸ್ಟ್ರಾಪ್ ಒಳಗಿನ ಕ್ಯಾಶ್ ಫೋಲ್ಡರಿನಲ್ಲಿ ಒಂದು ಕಾನ್ಫಿಗ್ ಫೈಲು ಹುಟ್ಟಿಸಿದೆ. ಜಿಪ್ ಮಾಡಿ ಏರಿಸಿದಾಗ ಅದೂ ಸವಾರಿ ಹೊರಟಿದೆ. ಅದರೊಳಗೆ ನಿಮ್ಮ ಸಿ ಡ್ರೈವಿನ ಜಾಂಪ್ ಫೋಲ್ಡರಿನ ದಾರಿ, ನಿಮ್ಮ ಲೋಕಲ್ ಡೇಟಾಬೇಸಿನ ಪಾಸ್‌ವರ್ಡು ಎಲ್ಲ ಇದೆ. ಆ ಫೈಲು ಇರುವವರೆಗೆ ಲಾರಾವೆಲ್, ಪಾಸ್‌ವರ್ಡು, ಸೆಟ್ಟಿಂಗ್ ಬರೆದಿಡುವ ಡಾಟ್ ಇಎನ್‌ವಿ ಫೈಲನ್ನು ತಿರುಗಿಯೂ ನೋಡುವುದಿಲ್ಲ. ಅದರಲ್ಲಿ ನೀವು ಡೀಬಗ್ ಆನ್ ಮಾಡಿದ್ದೂ ವ್ಯರ್ಥ, ಡೇಟಾಬೇಸ್ ಹೆಸರು ತಿದ್ದಿದ್ದೂ ವ್ಯರ್ಥ. ಲಾಗ್ ಸಾಲಿನಲ್ಲಿ ಲಿನಕ್ಸ್ ಸರ್ವರಿನ ಮೇಲೆ ಸಿ ಡ್ರೈವಿನ ಹೆಸರು ಕಂಡರೆ ಇದೇ ಕಾರಣ. ಟರ್ಮಿನಲ್ ಬೇಕಿಲ್ಲ. ಫೈಲ್ ಮ್ಯಾನೇಜರಿನಿಂದ ಆ ಕಾನ್ಫಿಗ್ ಫೈಲು, ಪಕ್ಕದಲ್ಲಿ ರೂಟ್ಸ್ ಕ್ಯಾಶ್ ಇದ್ದರೆ ಅದನ್ನೂ ಅಳಿಸಿ. ಫೋಲ್ಡರನ್ನೇ ಅಳಿಸಬೇಡಿ, ಅದು ಬೇಕು.

ಇದೇ ಕ್ಯಾಶ್‌ನಿಂದ ಹುಟ್ಟುವ ಇನ್ನೊಂದು ಗೋಳು: ಕಂಟ್ರೋಲರ್ ಒಳಗೆ ನೇರವಾಗಿ ಇಎನ್‌ವಿ ಫಂಕ್ಷನ್ ಕರೆದು ಪೇಮೆಂಟ್ ಕೀ ಓದುವುದು. ಕಾನ್ಫಿಗ್ ಕ್ಯಾಶ್ ಆದ ಕ್ಷಣದಿಂದ ಅಲ್ಲಿ ನಲ್ ಬರುತ್ತದೆ. ಆ ಫಂಕ್ಷನ್ ಕಾನ್ಫಿಗ್ ಫೋಲ್ಡರಿನ ಫೈಲುಗಳಲ್ಲಿ ಮಾತ್ರ ಇರಬೇಕು, ಉಳಿದ ಕಡೆಯೆಲ್ಲ ಕಾನ್ಫಿಗ್ ಮೂಲಕವೇ ಕೇಳಬೇಕು. ದಾಖಲೆಪುಸ್ತಕದಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ, ಓದುವವರು ಬೇಕಲ್ಲ.

ಈಗ 777, ಅಂದರೆ ಓದಲು, ಬರೆಯಲು, ಓಡಿಸಲು ಎಲ್ಲರಿಗೂ ಕೊಡುವ ಅನುಮತಿ. ಕೀಲಿ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತು ಅಂಗಳಕ್ಕೆ ಒಗೆಯುವ ಕೆಲಸ ಇದು. ಆ ಸರ್ವರಿನಲ್ಲಿ ಖಾತೆ ಇರುವ ಯಾರು ಬೇಕಾದರೂ ನಿಮ್ಮ ಫೈಲು ತಿದ್ದಬಹುದು ಎಂದು ಬರೆದುಕೊಟ್ಟಂತಾಯಿತು. ಇನ್ನೂ ದೊಡ್ಡ ತಮಾಷೆ ಕೇಳಿ. ಶೇರ್ಡ್ ಹೋಸ್ಟಿಂಗಿನ ಎಷ್ಟೋ ಸರ್ವರುಗಳಲ್ಲಿ ಪಿಎಚ್‌ಪಿ ನಿಮ್ಮ ಖಾತೆಯ ಹೆಸರಿನಲ್ಲೇ ಓಡುತ್ತದೆ. ಎಸ್‌ಯು-ಪಿಎಚ್‌ಪಿ ತರದ ವ್ಯವಸ್ಥೆ ಇದ್ದಲ್ಲಿ, ಪರರು ಬರೆಯಬಹುದಾದ ಫೈಲು ಅಥವಾ ಫೋಲ್ಡರ್ ಕಂಡರೆ ಅದನ್ನು ಓಡಿಸಲು ಸರ್ವರೇ ಒಪ್ಪುವುದಿಲ್ಲ, 500 ಕೊಡುತ್ತದೆ. ಅಂದರೆ ಮೊದಲ 500ಕ್ಕೆ ಕಾರಣ ಬೇರೆ ಇದ್ದಿರಬಹುದು, ಈಗ ಬರುತ್ತಿರುವ 500 ನೀವು ಕೊಟ್ಟ 777ರದ್ದೇ ಆಗಿರಬಹುದು. ಫೋಲ್ಡರಿಗೆ 755, ಫೈಲಿಗೆ 644, ಅಂದರೆ ಬರೆಯುವ ಹಕ್ಕು ನಿಮಗೆ ಮಾತ್ರ. ಅಲ್ಲಿ ಅಷ್ಟು ಸಾಕು. ಸ್ವಂತ ವಿಪಿಎಸ್ (ವರ್ಚುವಲ್ ಸರ್ವರ್) ಇದ್ದವರ ಕಥೆ ಬೇರೆ: ಅಲ್ಲಿ ವೆಬ್ ಸರ್ವರ್ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಆದ್ದರಿಂದ ಸ್ಟೋರೇಜ್ ಮತ್ತು ಬೂಟ್‌ಸ್ಟ್ರಾಪ್ ಕ್ಯಾಶ್ ಇವೆರಡನ್ನು ಮಾತ್ರ ಅದರ ಗುಂಪಿಗೆ ಒಪ್ಪಿಸಿ 775 ಕೊಡಬೇಕು. 777 ಎಲ್ಲಿಯೂ ಬೇಡ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಇಡೀ ಪ್ರಾಜೆಕ್ಟನ್ನು ಬ್ರೌಸರಿಗೆ ತೆರೆದಿರುವ ಪಬ್ಲಿಕ್-ಎಚ್‌ಟಿಎಂಎಲ್ ಫೋಲ್ಡರಿನೊಳಗೆ ಸುರಿದ ವಿಷಯಕ್ಕೆ. ಬ್ರೌಸರಿನಲ್ಲಿ ನಿಮ್ಮ ಸೈಟಿನ ವಿಳಾಸದ ಮುಂದೆ ಒಂದು ಓರೆಗೆರೆ ಹಾಕಿ ಡಾಟ್ ಇಎನ್‌ವಿ ಎಂದು ಟೈಪ್ ಮಾಡಿ ನೋಡಿ. ಪಾಸ್‌ವರ್ಡುಗಳು ತೆರೆಯ ಮೇಲೆ ಬಂದರೆ ಅವು ಊರಿಗೆಲ್ಲ ಗೊತ್ತಾಗಿವೆ ಎಂದೇ ತಿಳಿಯಿರಿ. ಇಂಥ ಫೈಲು ಹುಡುಕಿಕೊಂಡು ದಿನವಿಡೀ ಅಲೆಯುವ ಬಾಟ್‌ಗಳಿವೆ, ಅವಕ್ಕೆ ಬ್ಯಾಡಗಿ ಸೈಟು, ಬ್ಯಾಂಕಿನ ಸೈಟು ಎಂಬ ಭೇದ ಇಲ್ಲ. ಜೊತೆಗೆ ಲೈವ್‌ನಲ್ಲಿ ಡೀಬಗ್ ಆನ್. ಡೀಬಗ್ ಪುಟ ತೋರಿಸುವ ಇಗ್ನಿಷನ್ ಪ್ಯಾಕೇಜಿನ 2.5.2ಕ್ಕಿಂತ ಹಳೆಯ ಆವೃತ್ತಿಗಳಲ್ಲಿ, ಡೀಬಗ್ ಆನ್ ಇದ್ದರೆ ಲಾಗಿನ್ ಇಲ್ಲದೆಯೇ ಹೊರಗಿನವರು ಸರ್ವರಿನಲ್ಲಿ ತಮ್ಮ ಕೋಡ್ ಓಡಿಸಬಹುದಾದ ದೋಷ 2021ರಲ್ಲಿ ಬಯಲಾಯಿತು. ಹೊಸ ಆವೃತ್ತಿಯಲ್ಲಿ ಆ ತೂತು ಮುಚ್ಚಿದೆ, ಆದರೂ ಎರರ್ ಪುಟ ನಿಮ್ಮ ಕೋಡು, ಕ್ವೆರಿ, ಫೋಲ್ಡರ್ ದಾರಿ ಎಲ್ಲವನ್ನೂ ಅಪರಿಚಿತರಿಗೆ ತೋರಿಸುತ್ತದೆ. ನನ್ನ ಮಟ್ಟಿಗೆ ಲೈವ್‌ನಲ್ಲಿ ಡೀಬಗ್ ಐದು ನಿಮಿಷಕ್ಕೂ ಆನ್ ಆಗಬಾರದು. ಲಾಗ್ ಇರುವುದೇ ಅದಕ್ಕೆ.

ಹಾಗಾದರೆ ಈಗೇನು ಮಾಡಬೇಕು? ಡೀಬಗ್ ಆಫ್ ಮಾಡಿ, ಕ್ಯಾಶ್‌ನ ಕಾನ್ಫಿಗ್ ಫೈಲು ಅಳಿಸಿ. ಪ್ರಾಜೆಕ್ಟನ್ನು ಪಬ್ಲಿಕ್-ಎಚ್‌ಟಿಎಂಎಲ್‌ನ ಹೊರಗೆ, ಅದರ ಪಕ್ಕದಲ್ಲಿ ಒಂದು ಫೋಲ್ಡರ್ ಮಾಡಿ ಇಡಿ. ಲಾರಾವೆಲ್‌ನ ಪಬ್ಲಿಕ್ ಫೋಲ್ಡರಿನಲ್ಲಿ ಇರುವುದಷ್ಟೇ ಒಳಗೆ ಬರಲಿ, ಇಂಡೆಕ್ಸ್ ಫೈಲಿನಲ್ಲಿ ವೆಂಡರ್, ಬೂಟ್‌ಸ್ಟ್ರಾಪ್, ಸ್ಟೋರೇಜ್ ಕಡೆ ಹೋಗುವ ದಾರಿಗಳನ್ನು ತಿದ್ದಿ. ಸಬ್‌ಡೊಮೇನ್ ಆಗಿದ್ದರೆ ಇನ್ನೂ ಸುಲಭ, ಡಾಕ್ಯುಮೆಂಟ್ ರೂಟನ್ನೇ ಪಬ್ಲಿಕ್ ಫೋಲ್ಡರಿಗೆ ತಿರುಗಿಸಬಹುದು. ಅನುಮತಿಗಳನ್ನು ಮೊದಲಿನಂತೆ ಮಾಡಿ. ಆಮೇಲೆ ಡೇಟಾಬೇಸ್, ಮೇಲ್, ಪೇಮೆಂಟ್ ಪಾಸ್‌ವರ್ಡುಗಳನ್ನೂ ಆ್ಯಪ್ ಕೀಯನ್ನೂ ಬದಲಿಸಿ. ಕೀ ಬದಲಿಸಿದರೆ ಲಾಗಿನ್ ಆದವರೆಲ್ಲ ಹೊರಬೀಳುತ್ತಾರೆ, ಕ್ರಿಪ್ಟ್ ಬಳಸಿ ಗೂಢಲಿಪಿ ಮಾಡಿಟ್ಟ ಮಾಹಿತಿ ತೆರೆಯದು. ಅಂಥದ್ದಿದ್ದರೆ ಮೊದಲೇ ಬಿಡಿಸಿಟ್ಟುಕೊಳ್ಳಿ. ಬಳಕೆದಾರರ ಪಾಸ್‌ವರ್ಡುಗಳಿಗೆ ಏನೂ ಆಗುವುದಿಲ್ಲ, ಅವುಗಳ ಹ್ಯಾಶ್‌ಗೂ ಈ ಕೀಗೂ ಸಂಬಂಧವಿಲ್ಲ. ಇದನ್ನೆಲ್ಲ ಮಾರುಕಟ್ಟೆಯಲ್ಲಿ ಟೆಂಡರ್ ಇರುವ ದಿನ ಮಾಡಲು ಕೂರಬೇಡಿ. ವ್ಯಾಪಾರಸ್ಥರ ಫೋನು ಆಗ ಇನ್ನೂ ಜೋರಾಗುತ್ತದೆ.

ಇಷ್ಟಾದರೂ 500 ಬಂದರೆ ತಾರೀಖು ಇರುವ ಆ ಒಂದು ಸಾಲನ್ನು ಟೈಪ್ ಮಾಡಿ ಕಳಿಸಿ. ಫೋಟೊ ಬೇಡ.

ಪ್ರಶ್ನೆ: ಫಾರ್ಮ್ ಒತ್ತಿದ್ರ 419 ಪೇಜ್ ಎಕ್ಸ್‌ಪೈರ್ಡ್ ಬರ್ತದ. ಸಿಎಸ್‌ಆರ್‌ಎಫ್ ಬಂದ್ ಮಾಡಿದ್ರ ಸರಿ ಹೋಗ್ತದ ಅಂತ ಗೆಳ್ಯಾ ಹೇಳಿದ. ಮಾಡ್ಲ್ಯಾ?
— ರಾಣೆಬೆನ್ನೂರು

ಬೇಡ. ಬೇರೆ ಸೈಟು ನಿಮ್ಮ ಬಳಕೆದಾರನ ಹೆಸರಿನಲ್ಲಿ ಫಾರ್ಮ್ ಕಳಿಸದಂತೆ ತಡೆಯುವುದೇ ಅದು. ಫಾರ್ಮ್ ಒಳಗೆ ಸಿಎಸ್‌ಆರ್‌ಎಫ್ ಡೈರೆಕ್ಟಿವ್ ಇದೆಯೇ ನೋಡಿ. ಇದ್ದೂ 419 ಬಂದರೆ ಸೆಷನ್ ಕುಕಿ ಉಳಿಯುತ್ತಿಲ್ಲ ಎಂದರ್ಥ: ಸೆಷನ್ ಡೊಮೇನ್ ತಪ್ಪಾಗಿದೆ, ಇಲ್ಲವೇ ಸೆಕ್ಯೂರ್ ಕುಕಿ ಆನ್ ಮಾಡಿ ಸೈಟನ್ನು ಬರೀ ಎಚ್‌ಟಿಟಿಪಿಯಲ್ಲಿ ತೆರೆಯುತ್ತಿದ್ದೀರಿ. ಪೇಮೆಂಟ್ ಗೇಟ್‌ವೇ ತಾನಾಗಿ ಬಂದು ತಟ್ಟುವ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಡಬಹುದು.

ಪ್ರಶ್ನೆ: ಕನ್ನಡ ಸುದ್ದಿ ಸೈಟ್ ಮಾಡಾಕತ್ತೇವಿ. ಶೀರ್ಷಿಕೆಯಿಂದ ಕನ್ನಡದಾಗ ಸ್ಲಗ್ (ಲಿಂಕಿನ ಕೊನಿಗೆ ಬರೋ ಪದಗಳು) ಬರಲಿ ಅಂತ ಸ್ಲಗ್ ಫಂಕ್ಷನ್‌ಗೆ ಭಾಷೆ ನಲ್ ಕೊಟ್ಟೇವಿ. ‘ಗದಗ’ ಅಂತ ಕೊಟ್ಟು ನೋಡಿದಾಗ ಸರಿ ಬಂತು. ಈಗ ಎಲ್ಲಾ ಶೀರ್ಷಿಕೆ ಕೆಟ್ಟು ಬರಾಕತ್ತಾವ. ಯೂನಿಕೋಡ್ ತಪ್ಪೇನ್ರೀ?
— ಗದಗ-ಬೆಟಗೇರಿ

ಈ ವಾರದ ಒಳ್ಳೆಯ ಪ್ರಶ್ನೆ ಇದೊಂದೇ. ತಪ್ಪು ಯೂನಿಕೋಡಿನದಲ್ಲ, ನೀವು ಪರೀಕ್ಷೆಗೆ ಆರಿಸಿದ ಊರಿನದು. ಆ ಫಂಕ್ಷನ್ ಅಕ್ಷರ ವರ್ಗ, ಅಂಕಿ ವರ್ಗ, ಖಾಲಿ ಜಾಗ, ಅಡ್ಡಗೆರೆ ಇಷ್ಟನ್ನೇ ಉಳಿಸಿ ಮಿಕ್ಕಿದ್ದನ್ನು ಕಿತ್ತುಹಾಕುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಕಾಗುಣಿತದ ಚಿಹ್ನೆಗಳೂ ವಿರಾಮವೂ ಅಕ್ಷರ ವರ್ಗದಲ್ಲಿಲ್ಲ, ಮಾರ್ಕ್ ಎಂಬ ಬೇರೆ ವರ್ಗದಲ್ಲಿವೆ. ಹೀಗಾಗಿ ಹುಬ್ಬಳ್ಳಿ ‘ಹಬಬಳಳ’ ಆಗುತ್ತದೆ, ಧಾರವಾಡ ‘ಧರವಡ’, ಹಾವೇರಿ ‘ಹವರ’. ಗದಗಕ್ಕೆ ಕೊಂಬೂ ಇಲ್ಲ, ಇಳಿಯೂ ಇಲ್ಲ, ಒತ್ತೂ ಇಲ್ಲ, ಬಚಾವಾಯಿತು. ನೋಡಲು ಅಸಹ್ಯ ಎಂಬುದಷ್ಟೇ ಅಲ್ಲ: ಹಾಲು, ಹುಲಿ, ಹೊಲ ಮೂರೂ ‘ಹಲ’ ಆಗುವುದರಿಂದ ಸ್ಲಗ್ ಕಾಲಂ ಯೂನಿಕ್ ಇದ್ದರೆ ಡೇಟಾಬೇಸ್ ತಿರುಗಿ ಬೀಳುತ್ತದೆ. ನಿಮ್ಮದೇ ಒಂದು ಚಿಕ್ಕ ಫಂಕ್ಷನ್ ಬರೆದು ರೆಜೆಕ್ಸ್‌ನಲ್ಲಿ ಎಲ್, ಎನ್ ವರ್ಗಗಳ ಜೊತೆ ಎಂ ವರ್ಗವನ್ನೂ ಸೇರಿಸಿ. ಉದ್ದದ ಮೇಲೂ ಕಣ್ಣಿರಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಲಿಂಕ್ ನಕಲಿಸಿದಾಗ ಅದು ಶೇಕಡಾ ಗುರುತಿನೊಂದಿಗೆ 9 ಅಕ್ಷರ. ‘ಹುಬ್ಬಳ್ಳಿ’ ಒಂದೇ 81 ಅಕ್ಷರ ನುಂಗುತ್ತದೆ. ನಾನಾದರೆ ವಿಳಾಸದಲ್ಲಿ ಸುದ್ದಿಯ ಐಡಿ ಸಂಖ್ಯೆ ಇಟ್ಟು, ಸುದ್ದಿ ಹುಡುಕಲು ಅದನ್ನೇ ನಂಬಿ, ಸ್ಲಗ್ಗನ್ನು ಎರಡು-ಮೂರು ಪದಕ್ಕೆ ನಿಲ್ಲಿಸುತ್ತೇನೆ.

ಪ್ರಶ್ನೆ: ಡೇಟಾಬೇಸ್‌ನ್ಯಾಗ ಕನ್ನಡದ ಬದ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕೂತಾವ. ವಾಪಸ್ ಕನ್ನಡ ಮಾಡೂದು ಹೆಂಗ?
— ಹಾವೇರಿ

ಆಗುವುದಿಲ್ಲ, ಮೂಲ ಹೋಗಿದೆ. ಟೇಬಲ್ಲನ್ನೂ ಕನೆಕ್ಷನ್ನನ್ನೂ ಯುಟಿಎಫ್-8-ಎಂಬಿ-4ಕ್ಕೆ ಬದಲಿಸಿ ಮತ್ತೆ ಟೈಪ್ ಮಾಡಿಸಿ.

ಪ್ರಶ್ನೆ: ಲಾಟ್ ಪಟ್ಟಿ ಪುಟ ಭಾಳ ಸ್ಲೋ ಆಗೇದ. ಸರ್ವರ್ ದೊಡ್ಡದು ಮಾಡ್ಬೇಕೇನ್ರೀ?
— ನವನಗರ

ಐವತ್ತು ಲಾಟು ತಂದು, ಲೂಪಿನೊಳಗೆ ಪ್ರತಿ ಲಾಟಿಗೂ ವ್ಯಾಪಾರಿಯ ಹೆಸರು ಕೇಳುತ್ತಿದ್ದೀರಿ, 51 ಕ್ವೆರಿ ಆಯಿತು. ಹೆಸರುಗಳನ್ನೆಲ್ಲ ಒಂದೇ ಸಲ ತರುವ ವಿತ್ ಬಳಸಿ ಎರಡಕ್ಕೆ ಇಳಿಸಿ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಲೈವ್‌ನ್ಯಾಗ ತಪ್ಪಿ ಮೈಗ್ರೇಟ್ ಫ್ರೆಶ್ ಹೊಡ್ದೆ ಸರ್. ಡೇಟಾ ವಾಪಸ್ ಬರ್ತದೇನ್ರೀ?
— ಧಾರವಾಡ

ಟೇಬಲ್ಲುಗಳನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುವ ಆಜ್ಞೆ ಅದು. ಪ್ರೊಡಕ್ಷನ್ ಎಂದು ನಮೂದಿಸಿದ ಸರ್ವರಿನಲ್ಲಿ ಅದು ಒಮ್ಮೆ ಕೇಳಿಯೇ ಕೇಳುತ್ತದೆ. ನೀವು ಯೆಸ್ ಅಂದಿದ್ದೀರಿ, ಇಲ್ಲವೇ ಲೈವ್ ಸರ್ವರನ್ನು ಲೋಕಲ್ ಎಂದೇ ಬಿಟ್ಟಿದ್ದೀರಿ. ಹೋಸ್ಟಿಂಗ್‌ನವರಿಗೆ ಈಗಲೇ ಫೋನ್ ಮಾಡಿ, ನಿನ್ನೆ ರಾತ್ರಿಯ ಬ್ಯಾಕಪ್ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಇಲ್ಲ.