ಯುದ್ಧಕ್ಕೂ ಮೊದಲಿನ ಬೆಲ್ಜಿಯಂ ಆಟೋ-5 ಕೊಂಡು ನನಗೆ ಬೇಕಾದ ಹಾಗೆ ಮಾಡಿಸಿಕೊಳ್ಳಬಹುದಾ?

ಲೈಸೆನ್ಸ್ ಕೈಯಲ್ಲಿದೆ, ಎರಡನೇ ಮಹಾಯುದ್ಧಕ್ಕೂ ಮೊದಲಿನ 16 ಬೋರ್ (ಬ್ಯಾರೆಲ್ಲಿನ ಒಳಗಾತ್ರ) ಬ್ರೌನಿಂಗ್ ಆಟೋ-5, ಅಂದರೆ ತಾನೇ ತೋಟಾ ತುಂಬಿಕೊಳ್ಳುವ ಚರೆ ಕೋವಿ, ಕಡಿಮೆ ಬೆಲೆಗೆ ಸಿಗುತ್ತಿದೆ, ಹಾರುವ ಮಣ್ಣಿನ ತಟ್ಟೆಗೆ ಗುರಿಯಿಡುವ ಕ್ಲೇ ಶೂಟಿಂಗಿಗೆ ಬೇಕು ಅಂತ ಬರೆದಿದ್ದೀರಿ. ಸ್ಟಾಕ್ (ಭುಜಕ್ಕೆ ಒರಗುವ ಹಿಂದಿನ ಮರ) ಕತ್ತರಿಸೋದು, ರಬ್ಬರ್ ಪ್ಯಾಡ್ ಹಾಕಿಸೋದು, ಚೋಕ್ (ಚರೆ ಎಷ್ಟು ಹರಡಬೇಕು ಅಂತ ಹಿಡಿತದಲ್ಲಿಡುವ, ಬ್ಯಾರೆಲ್ ತುದಿಯ ಕಿರಿದಾದ ಭಾಗ) ಬದಲಿಸೋದು, ಇವುಗಳಲ್ಲಿ ಮೊದಲು ಯಾವುದು ಅಂತ ಕೇಳಿದ್ದೀರಿ. ಯಾವುದೂ ಅಲ್ಲ. ಮೊದಲು ಚೇಂಬರ್, ಅಂದರೆ ಬ್ಯಾರೆಲ್ಲಿನ ಬುಡದಲ್ಲಿ ತೋಟಾ ಕೂರುವ ಗೂಡು, ಎಷ್ಟು ಉದ್ದ ಅಂತ ಅಳೆಸಿ.

ನಾನು ಕೊಂಡಿದ್ದೂ ಇಂಥದ್ದೇ ಕೋವಿ. ಹಿಂಭಾಗದಲ್ಲಿ ಗೂನು ಬೆನ್ನಿನಂತೆ ಎದ್ದು ನಿಂತ ರಿಸೀವರ್ (ಒಳಗಿನ ಯಂತ್ರ ಕೂತಿರುವ ಲೋಹದ ಪೆಟ್ಟಿಗೆ), ಕೈಯಿಂದ ಕೆತ್ತಿದ ಹಿಡಿ, ಸವೆದು ನುಣುಪಾದ ಮರ. ನೋಡಿದ ಕೂಡಲೇ ಮರುಳಾದೆ. ಮಾರಿದವರು "ಮಾಮೂಲಿ 16 ಬೋರ್ ತೋಟಾ ಹಾಕಿ, ಆರಾಮಾಗಿ ಹೋಗುತ್ತೆ" ಅಂದರು. ಅಂಗಡಿಯಲ್ಲಿ 70 ಮಿ.ಮೀ. ತೋಟಾ ಸಿಕ್ಕಿತು, ಹಾಕಿ ನೋಡಿದೆ, ಸಲೀಸಾಗಿ ಒಳಗೆ ಕೂತಿತು. ಕೂತಿತಲ್ಲ, ಸರಿಯಾಗೇ ಇದೆ ಅಂದುಕೊಂಡೆ.

ನನಗೆ ನಷ್ಟ ತಂದಿದ್ದು ಇದೊಂದೇ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ. ತೋಟಾದ ಡಬ್ಬಿ ಮೇಲೆ ಬರೆದಿರುವ 70 ಮಿ.ಮೀ. ಅನ್ನೋದು ಈಡು ಹೊಡೆದ ಮೇಲಿನ ಉದ್ದ. ಹೊಡೆಯದ ತೋಟಾದ ತುದಿ ಒಳಕ್ಕೆ ಮಡಿಚಿರುತ್ತದೆ, ಹಾಗಾಗಿ ಅದು 70ಕ್ಕಿಂತ ಎಷ್ಟೋ ಗಿಡ್ಡ. ನಿಮ್ಮ ಕೋವಿಯ ಚೇಂಬರ್ 65 ಮಿ.ಮೀ. ಇದ್ದರೂ ಅದು ತಕರಾರಿಲ್ಲದೆ ಒಳಗೆ ಹೋಗುತ್ತದೆ. ಈಡು ಹಾರಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳೋಕೆ ಜಾಗ ಸಾಲದೆ, ಚೇಂಬರ್ ಕಿರಿದಾಗಿ ಬ್ಯಾರೆಲ್ಲಿಗೆ ಸೇರುವ ಕಡೆ ಹೋಗಿ ತುರುಕಿಕೊಳ್ಳುತ್ತದೆ. ಚರೆಗಳು ಅದೇ ಇಕ್ಕಟ್ಟಿನಲ್ಲಿ ನುಗ್ಗಬೇಕು. ಒತ್ತಡ ಏರುತ್ತದೆ. ಅಂದರೆ "ಕೂರುತ್ತೆ" ಅನ್ನೋದು ಪರೀಕ್ಷೆಯೇ ಅಲ್ಲ. ಯುದ್ಧಕ್ಕೂ ಮೊದಲಿನ 16 ಬೋರ್ ಆಟೋ-5ಗಳಲ್ಲಿ 65ರ ಚೇಂಬರ್ ತೀರಾ ಮಾಮೂಲಿ.

ಆಟೋ-5ರಲ್ಲಿ ಇನ್ನೂ ಒಂದು ತೊಂದರೆ ಇದೆ. ಆ ಕಾಲದ ರಿಸೀವರಿನಲ್ಲಿ ಖಾಲಿ ತೋಟಾ ಹೊರಬೀಳುವ ಕಿಂಡಿಯೂ 65ರ ಲೆಕ್ಕಕ್ಕೇ ಕೊರೆದದ್ದು. ಉದ್ದದ ಖಾಲಿ ತೋಟಾ ಅಲ್ಲಿ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ. ನನ್ನದೂ ಸಿಕ್ಕಿಕೊಳ್ಳುತ್ತಲೇ ಇತ್ತು. ಆಗಲಾದರೂ ಅಳೆಯಬೇಕಿತ್ತು. ನಾನು ಮಾಡಿದ್ದೇನು? ಸ್ಪ್ರಿಂಗ್ ಬಿಗಿ ಜಾಸ್ತಿಯಾಗಿದೆ ಅಂತ ತೀರ್ಮಾನಿಸಿ ರಿಂಗಿಗೆ ಕೈ ಹಾಕಿದೆ.

ಆ ರಿಂಗ್ ಏನು ಅಂತ ಗೊತ್ತಿರಲಿ, ನೀವೂ ಅಲ್ಲಿಗೆ ಬರುತ್ತೀರಿ. ಈ ಕೋವಿಯಲ್ಲಿ ಈಡು ಹಾರಿದಾಗ ಬ್ಯಾರೆಲ್ಲೂ, ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟೂ ಕಚ್ಚಿಕೊಂಡೇ ಪೂರ್ತಿ ಹಿಂದಕ್ಕೆ ಬರುತ್ತವೆ. ಬೋಲ್ಟ್ ಅಲ್ಲೇ ನಿಲ್ಲುತ್ತದೆ, ಬ್ಯಾರೆಲ್ ಮುಂದಕ್ಕೆ ಹೋಗುತ್ತದೆ, ಖಾಲಿ ತೋಟಾ ಆಚೆ ಬೀಳುತ್ತದೆ, ಆಮೇಲೆ ಬೋಲ್ಟ್ ಹೊಸ ತೋಟಾ ತಳ್ಳಿಕೊಂಡು ಹೋಗುತ್ತದೆ. ಅಷ್ಟು ಭಾರದ ಬ್ಯಾರೆಲ್ ಹಿಂದಕ್ಕೆ ನುಗ್ಗುವಾಗ ಬ್ರೇಕ್ ಬೇಡವೇ? ಬ್ಯಾರೆಲ್ ಕೆಳಗೆ ತೋಟಾಗಳು ಸಾಲಾಗಿ ಕೂರುವ ಮ್ಯಾಗಜೀನ್ ಕೊಳವೆಯ ಸುತ್ತ ದೊಡ್ಡ ಸ್ಪ್ರಿಂಗ್, ಅದರ ಮುಂದೆ ಸೀಳಿದ ಕಂಚಿನ ಬಳೆ, ಜೊತೆಗೊಂದು ಉಕ್ಕಿನ ರಿಂಗ್. ಉಕ್ಕಿನ ರಿಂಗ್ ಸ್ಪ್ರಿಂಗಿಗೂ ಕಂಚಿನ ಬಳೆಗೂ ನಡುವೆ ಇದ್ದರೆ ಬಳೆ ಕೊಳವೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದು ಜೋರು ತೋಟಾಗೆ. ರಿಂಗ್ ತೆಗೆದು ಸ್ಪ್ರಿಂಗಿನ ಹಿಂದೆ, ರಿಸೀವರ್ ಪಕ್ಕಕ್ಕೆ ಹಾಕಿದರೆ ಹಿಡಿತ ಸಡಿಲ. ಅದು ಹಗುರ ತೋಟಾಗೆ.

ನಾನು ಸಡಿಲ ಮಾಡಿದೆ. ಸಾಲದು ಅಂತ ಕೊಳವೆಗೆ ಧಾರಾಳವಾಗಿ ಎಣ್ಣೆ ಸವರಿದೆ. ಬ್ರೇಕಿಗೆ ಎಣ್ಣೆ ಹಾಕಿದವನ ಬುದ್ಧಿ ಎಂಥದ್ದು ಅಂತ ನೀವೇ ಹೇಳಿ. ಒತ್ತಡ ಮೊದಲೇ ಜಾಸ್ತಿ, ಈಗ ತಡೆಯೂ ಇಲ್ಲ. ಬ್ಯಾರೆಲ್ ಪ್ರತಿ ಸಲ ಹಿಂದಕ್ಕೆ ಬಂದು ರಿಸೀವರಿಗೆ ಗುದ್ದತೊಡಗಿತು. ಭುಜಕ್ಕೆ ಬೀಳುವ ಪೆಟ್ಟು ಜೋರಾಯಿತು. ಅದಕ್ಕೂ ನನ್ನ ಹತ್ತಿರ ಔಷಧಿ ಇತ್ತು: ರಬ್ಬರ್ ಪ್ಯಾಡ್! ಕೊನೆಗೆ ಮುಂದಿನ ಮರದ ಹಿಡಿ ಉದ್ದಕ್ಕೂ ಸೀಳಿಕೊಂಡಿತು. ಆ ಕಾಲದ ತೆಳು ಹಿಡಿ, ನನ್ನ ಕೋವಿಗೆ ಹೊಂದುವಂಥದ್ದು ಹುಡುಕೋದೇ ಒಂದು ಸಾಹಸ. ಸಿಕ್ಕಿದ್ದಕ್ಕೂ ಕೈಯಿಂದ ಉಜ್ಜಿ ಕೂರಿಸೋ ಕೂಲಿ ಬೇರೆ. ಕೋವಿ ಬಿಚ್ಚಿ ನೋಡಿದ ಗನ್‌ಸ್ಮಿತ್ ಮೊದಲು ಕೇಳಿದ್ದೇ "ಚೇಂಬರ್ ಎಷ್ಟು?" ಅಂತ. ನಾನು ಸುಮ್ನೆ ನಿಂತೆ.

ಈಗ ನಿಮ್ಮ ಕೋವಿ. ಬೆಲ್ಜಿಯಂ ಬ್ಯಾರೆಲ್ಲಿನ ಬುಡದಲ್ಲಿ ಲೀಜ್ ಊರಿನ ಪ್ರೂಫ್ ಮುದ್ರೆಗಳು, ಅಂದರೆ ಕೋವಿಯನ್ನು ಪರೀಕ್ಷಿಸಿ ಒತ್ತಿದ ಗುರುತುಗಳು, ಇರುತ್ತವೆ. 16ರ ಜೊತೆ 65 ಅಥವಾ 70 ಕಾಣುತ್ತದಾ ನೋಡಿ. ಕಂಡರೂ ಅಷ್ಟಕ್ಕೇ ನಂಬಬೇಡಿ. ಆಟೋ-5 ತಯಾರಿಕೆ 1900ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ ಆರಂಭವಾಗಿ, 1970ರ ದಶಕದ ಮಧ್ಯದಲ್ಲಿ ಜಪಾನಿನ ಮಿರೋಕುಗೆ ಹೋಗಿ, 1990ರ ದಶಕದ ಕೊನೆವರೆಗೂ ನಡೆಯಿತು. ಇಷ್ಟು ದೀರ್ಘ ಕಾಲದಲ್ಲಿ ಯಾರೋ ಒಂದು ಬ್ಯಾರೆಲ್ ತೆಗೆದು ಇನ್ನೊಂದು ಹಾಕಿರಬಹುದು, ಯಾರೋ ಚೇಂಬರ್ ಮಾತ್ರ ಕೊರೆಸಿ ಕಿಂಡಿ ಹಾಗೇ ಬಿಟ್ಟಿರಬಹುದು. ಗೇಜ್ ಹಾಕಿ ಚೇಂಬರ್ ಅಳೆಸಿ, ಕಿಂಡಿಯನ್ನೂ ಅಳೆಸಿ. ಮುಂದಿನ ಹಿಡಿ ಬಿಚ್ಚಿಸಿ ಒಳಗೆ ಬಿರುಕು ಇದೆಯಾ ನೋಡಿ. ಬಿಚ್ಚಲು ಬಿಡದವರ ಹತ್ತಿರ ಕೊಳ್ಳಲೇಬೇಡಿ.

65 ಆಗಿದ್ದರೆ ಎರಡು ದಾರಿ ಅಂತ ಎಲ್ಲರೂ ಹೇಳುತ್ತಾರೆ: 70ಕ್ಕೆ ಮಾರ್ಪಡಿಸೋದು, ಇಲ್ಲ 65ರ ತೋಟಾನೇ ಹುಡುಕೋದು. ಮಾರ್ಪಾಡು ಅಂದರೆ ಚೇಂಬರ್, ಕಿಂಡಿ, ಒಳಗಿನ ಕೆಲವು ಭಾಗ, ಎಲ್ಲಕ್ಕೂ ಕೈ ಹಾಕಬೇಕು. ನಾನಂತೂ ಮಾಡಿಸಲಿಲ್ಲ. 65ರ ತೋಟಾ ತಯಾರಿಸುವವರು ಈಗಲೂ ಇದ್ದಾರೆ.

ಸ್ಟಾಕ್ ಕತ್ತರಿಸೋದನ್ನಂತೂ ಬಿಟ್ಟುಬಿಡಿ. ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿನ ಕೊಳವೆ ಆ ಮರದ ಒಳಗೇ ಇದೆ. ಎಷ್ಟು ಬೇಕೋ ಅಷ್ಟು ಕತ್ತರಿಸೋಕೆ ಆಗಲ್ಲ. ಸ್ಟಾಕ್ ಗಿಡ್ಡವಾಯಿತು ಅನಿಸಿದರೆ ಮೇಲೆ ಎಳೆದು ಹಾಕುವ ಚರ್ಮದ ಪ್ಯಾಡ್ ಸಿಗುತ್ತದೆ, ಮರಕ್ಕೆ ಏನೂ ಆಗಲ್ಲ. ಉದ್ದವಾಯಿತು ಅನಿಸಿದರೆ ಆ ಕೋವಿ ನಿಮ್ಮದಲ್ಲ, ಬೇರೆ ನೋಡಿ.

ಚೋಕಿನ ಆಸೆಗೂ ಇದೇ ಮಾತು. ಆಗಿನ ಬ್ಯಾರೆಲ್‌ಗಳಲ್ಲಿ ಚೋಕ್ ಬ್ಯಾರೆಲ್ಲಿನದ್ದೇ ಭಾಗ, ತೆಗೆದು ಹಾಕೋಕೆ ಬರಲ್ಲ. ಜೊತೆಗೆ ಬೆಲ್ಜಿಯಂ ಬ್ಯಾರೆಲ್‌ಗಳಿಗೆ ಉಕ್ಕಿನ ಚರೆ ಹಾಕಬಾರದು ಅಂತ ಬ್ರೌನಿಂಗ್ ಕಂಪನಿಯೇ ಹೇಳುತ್ತದೆ. ನೀವು ಹೋಗುವ ರೇಂಜಿನಲ್ಲಿ ಸೀಸಕ್ಕೆ ಅವಕಾಶ ಇಲ್ಲದೆ ಉಕ್ಕು ಮಾತ್ರ ಬಿಡುತ್ತಾರಾದರೆ ಈ ಕೋವಿಯ ಆಸೆ ಬಿಡಿ, ಬಿಚ್ಚುವ ಚೋಕ್ ಇರುವ ಜಪಾನ್ ಕಾಲದ 12 ಬೋರ್ ಹುಡುಕಿ. ಸೀಸ ನಡೆಯುತ್ತದೆ ಅಂತಾದರೆ, ಪ್ಯಾಡಿಗೆ ಅಂತ ಇಟ್ಟ ದುಡ್ಡಿನಲ್ಲಿ ಹೊಸ ರಿಕಾಯಿಲ್ ಸ್ಪ್ರಿಂಗ್ (ಕೊಳವೆಯ ಸುತ್ತ ಇರುವ ಆ ದೊಡ್ಡದು), ಕಂಚಿನ ಬಳೆ ತರಿಸಿ ಹಾಕಿಸಿ, 65ರ ಹಗುರ ತೋಟಾದಲ್ಲಿ ಹೊಡೆಯಿರಿ. ಕೊಳವೆಗೆ ಎಣ್ಣೆ ಒರೆಸಿದ ಬಟ್ಟೆಯಲ್ಲಿ ಒಂದು ಸಲ ಸವರಿದರೆ ಸಾಕು. ಕೋವಿ ಚೇಂಬರ್ ಅಳೆಸಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಹಾಕಿ, ರಿಂಗ್ ಜೋಡಿಸೋ ಕ್ರಮದ ಚಿತ್ರ ಬರೆದು ಕಳಿಸುತ್ತೇನೆ.